ನಾಲ್ಕು ಬೆರಳಿನ ಗಿಲೀಟು

ದೊಡ್ಡವ್ವನ ಎಡಗೈ ಕಿರುಬೆರಳಿನ ಬುಡ ಹಸಿರಾಗಿತ್ತು. ಪಾಚಿ ಹಿಡಿದ ಕಲ್ಲಿನ ಹಸಿರು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುವಂಥದ್ದಲ್ಲ, ಅವಳು ತಿಕ್ಕುತ್ತಲೂ ಇರಲಿಲ್ಲ. ಆ ಬೆರಳಿನ ಉಂಗುರ ಕಪ್ಪಾಗಿ, ಯಾವ ಲೋಹ ಎಂದು ಹೇಳಲಾಗದ ಹಾಗಿತ್ತು. ಪಕ್ಕದ ಬೆರಳಿನದು ಕೆಂಪಗೆ ತಾಮ್ರದ ಬಣ್ಣಕ್ಕೆ ತಿರುಗಿತ್ತು. ನಡುಬೆರಳಿನದು ಸ್ವಲ್ಪ ಮಂಕು. ತೋರುಬೆರಳಿನದು ಮಾತ್ರ ಹೊಚ್ಚ ಹೊಸದು, ಬಿಸಿಲಿಗೆ ಹಿಡಿದರೆ ಕಣ್ಣಿಗೆ ಚುಚ್ಚುತ್ತಿತ್ತು. ನಾಲ್ಕೂ ಒಂದೇ ಮಾದರಿ. ನಾಲ್ಕೂ ಗಿಲೀಟು.

ಅವಳು ಗಿಲೀಟು ಒಡವೆ ಮಾರುವವಳು. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ ಅಲ್ಲ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ, ಅಷ್ಟೇ ಸಂಬಂಧ. ಅವರೂ ನಾವೂ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡಿದ್ದವರು. ಆಗ ಅದಕ್ಕೆ ಫ್ರೇಜರ್‌ಪೇಟೆ ಎಂದೇ ಹೆಸರು. ಕೊಡಗು ಬೇರೆ ರಾಜ್ಯ, ಹೊಳೆ ದಾಟಿದರೆ ಮೈಸೂರು. ದೊಡ್ಡವ್ವ ಹೊಳೆ ದಾಟಿ ಹೋಗಿ ಮಾಲು ತಂದು, ಸಂತೆ ದಿನ ಬುಟ್ಟಿ ಹೊತ್ತು ಬಸ್ಸು ಹತ್ತಿ ಸುಂಟಿಕೊಪ್ಪಕ್ಕೆ ಹೋಗುತ್ತಿದ್ದಳು. ಗಂಡ ಬಹಳ ಹಿಂದೆಯೇ ಸತ್ತಿದ್ದ. ಮಕ್ಕಳಿಲ್ಲ.

ಗೋಣಿ ಹಾಸಿ ಕೂತ ಮೇಲೆ ಅವಳು ಕೂಗುತ್ತಿರಲಿಲ್ಲ. ಎಡಗೈಯನ್ನು ಮೊಣಕಾಲಿನ ಮೇಲೆ ಚಾಚಿ ಇಟ್ಟುಕೊಳ್ಳುತ್ತಿದ್ದಳು. ಯಾರಾದರೂ ಉಂಗುರ ಕೈಗೆ ತೆಗೆದುಕೊಂಡರೆ ಬೆರಳು ಒಂದೊಂದಾಗಿ ಎತ್ತಿ ತೋರಿಸುತ್ತಿದ್ದಳು.

"ಇದು ಇವತ್ತಿಂದು. ಇದು ಒಂದು ತಿಂಗ್ಳು ಹಾಕಿದ್ದು. ಇದು ಆರು ತಿಂಗ್ಳು. ಇದು ವರ್ಷ ಕಳೆದದ್ದು. ನೋಡ್ಕಂಡು ತಗೊಳ್ರವ್ವ. ಆಮೇಲೆ ಬಂದು ಕಪ್ಪಾಯ್ತು ಅನ್ಬ್ಯಾಡಿ."

ಅಕ್ಕಪಕ್ಕದ ವ್ಯಾಪಾರಿಗಳು ನಗುತ್ತಿದ್ದರು. ಯಾವ ಮಾರುವವನು ತನ್ನ ಮಾಲು ಹಾಳಾಗುವುದನ್ನು ತೋರಿಸುತ್ತಾನೆ? ಆದರೆ ಅವಳ ಬುಟ್ಟಿಯೇ ಮೊದಲು ಖಾಲಿಯಾಗುತ್ತಿತ್ತು. ಎಸ್ಟೇಟಿನ ಕೂಲಿ ಲೈನುಗಳಿಂದ ಬರುವ ಹೆಂಗಸರಲ್ಲಿ ತಮಿಳಿನವರು, ಮಲೆಯಾಳದವರು, ತುಳುವಿನವರು ಎಲ್ಲರೂ ಇದ್ದರು. ದೊಡ್ಡವ್ವನಿಗೆ ಆ ಭಾಷೆಗಳಲ್ಲಿ ಒಂದೊಂದೇ ಮಾತು ಬರುತ್ತಿತ್ತು. "ಇದು ತಂಗಂ ಇಲ್ಲೆ." "ಇದ್ ಸ್ವರ್ಣಂ ಅಲ್ಲ." "ಇಂದ್ ಬಂಗಾರ್ ಅತ್ತ್." ಚಿನ್ನ ಅಲ್ಲ ಎನ್ನುವುದೊಂದನ್ನು ಕಲಿತಿದ್ದಳು. ಉಳಿದದ್ದೆಲ್ಲ ಕೈಸನ್ನೆ.

ಅವಳೇನು ದೊಡ್ಡ ಸತ್ಯವಂತೆ ಎಂದು ತಿಳಿಯಬೇಡಿ. ಗಡಿಗೆ ತುಂಬ ಮಜ್ಜಿಗೆ ಇಟ್ಟುಕೊಂಡು ಇಲ್ಲ ಎಂದು ನನ್ನನ್ನು ಎಷ್ಟೋ ಸಲ ಬೇಲಿಯಿಂದಲೇ ಕಳಿಸಿದ್ದಾಳೆ. ವಯಸ್ಸು ಕೇಳಿದರೆ ಪ್ರತಿ ವರ್ಷ ಒಂದೇ ಹೇಳುತ್ತಿದ್ದಳು. ನಶ್ಯ ಬಿಟ್ಟೆ ಎಂದು ದೇವರ ಮೇಲೆ ಆಣೆ ಹಾಕಿ ಅಲ್ಲೇ ಸೀನುತ್ತಿದ್ದಳು. ಗಿಲೀಟಿನ ವಿಷಯದಲ್ಲಿ ಮಾತ್ರ ಅವಳ ಬಾಯಿಂದ ಸುಳ್ಳು ಬರುತ್ತಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದೆ.

"ವಾರಕ್ಕೊಂದು ಸಂತೆ ಕಣೆ. ಸುಳ್ಳು ಹೇಳಿದ್ರೆ ಮುಂದಿನ ವಾರ ಅದೇ ಮುಖ ಎದುರಿಗೆ ಬಂದು ಕೂತ್ಕತದೆ" ಎಂದಳು.

ಅವಳ ಹತ್ತಿರ ಬಡವರು ಮಾತ್ರ ಬರುತ್ತಿದ್ದರು ಎಂದುಕೊಂಡರೆ ತಪ್ಪು. ತೋಟದ ಸಾಹುಕಾರರ ಮನೆ ಹೆಂಗಸರೂ ಆಳಿನ ಕೈಯಲ್ಲಿ ಹೇಳಿ ಕಳಿಸಿ ತರಿಸಿಕೊಳ್ಳುತ್ತಿದ್ದರು. ಮೈಸೂರಿಗೆ ಬಸ್ಸಿನಲ್ಲಿ ಹೋಗುವಾಗ ಚಿನ್ನ ಪೆಟ್ಟಿಗೆಯಲ್ಲಿಟ್ಟು ಗಿಲೀಟು ಹಾಕಿಕೊಂಡು ಹೋಗುವುದು ಅವರ ಪದ್ಧತಿ. ದಾರಿಯಲ್ಲಿ ಕಳ್ಳರ ಹೆದರಿಕೆ. ಚಿನ್ನವನ್ನೇ ಹಾಕಿಕೊಂಡು ಹೋದವರೂ ಬಸ್ಸಿನಲ್ಲಿ ಯಾರಾದರೂ ಕಣ್ಣು ಹಾಕಿದರೆ "ಅಯ್ಯೋ, ಇದು ಗಿಲೀಟು" ಎಂದುಬಿಡುತ್ತಿದ್ದರು. ಹಾಗಾಗಿ ಆ ಕಾಲದಲ್ಲಿ ಯಾರಾದರೂ ಗಿಲೀಟು ಎಂದರೆ ಒಳಗೊಳಗೇ ಚಿನ್ನ ಎಂದು ತಿಳಿಯುವವರೇ ಹೆಚ್ಚು. ಇದರಿಂದಲೇ ನನ್ನ ಮದುವೆ ನಡೆಯಿತು.

ನನ್ನನ್ನು ನೋಡಲು ಸುಂಟಿಕೊಪ್ಪದ ಕಡೆಯಿಂದ ಬರುವವರಿದ್ದರು. ಹುಡುಗ ಎಸ್ಟೇಟಿನಲ್ಲಿ ಗಾಡಿ ಹೊಡೆಯುತ್ತಿದ್ದ, ಸ್ವಂತ ಗದ್ದೆಯೂ ಇತ್ತು. ಅವರು ಹೆಚ್ಚೇನೂ ಕೇಳಿರಲಿಲ್ಲ. ಹುಡುಗಿಯ ಕೈಯಲ್ಲಿ ಒಂದು ಚಿನ್ನದ ಉಂಗುರ ಇರಲಿ ಎಂದು ಹೇಳಿ ಕಳಿಸಿದ್ದರು. ನನ್ನ ತಾಯಿ ನಾನು ನಡೆಯುವ ಮೊದಲೇ ಜ್ವರದಲ್ಲಿ ಹೋದವಳು. ಅವಳ ಒಡವೆ ಏನಾಯಿತು ಎಂದು ಅಪ್ಪ ಹೇಳಲಿಲ್ಲ, ನಾನು ಕೇಳಲಿಲ್ಲ. ಅಪ್ಪ ನನ್ನನ್ನೂ ಕರೆದುಕೊಂಡು ಬೇಲಿ ಹತ್ತಿರ ಹೋಗಿ ನಿಂತ.

"ಒಂದು ಉಂಗ್ರ ಕೊಡಕ್ಕ. ಹೆಣ್ಣಿನ ಕಡೆ ಹಿರೇರು ಅಂತ ನೀನೇ ಬಂದು ಕೂತ್ಕೋ. ಕೇಳಿದ್ರೆ ಚಿನ್ನ ಅಂದ್ಬಿಡು."

"ಉಂಗ್ರ ಕೊಡ್ತೀನಿ. ಬಂದು ಕೂತ್ಕತೀನಿ. ಕೇಳ್ದೆ ಇದ್ರೆ ಬಾಯಿ ಬಿಡಲ್ಲ. ಕೇಳಿದ್ರೆ ಇರೋದು ಹೇಳ್ತೀನಿ."

"ಮದುವೆ ಮುರೀತದೆ."

"ಆಮೇಲೆ ಮುರಿಯೋದಕ್ಕಿಂತ ಈಗ್ಲೇ ಮುರೀಲಿ ಬಿಡು."

"ನಿಂಗೆ ಮಕ್ಳಿಲ್ಲ. ಅದಕ್ಕೇ ಹಿಂಗಂತೀಯ" ಎಂದ ಅಪ್ಪ.

ದೊಡ್ಡವ್ವ ಒಳಗೆ ಹೋಗಿ ಬುಟ್ಟಿ ತಂದಳು. ಬುಟ್ಟಿ ಕೆದಕಿ, ತೋರುಬೆರಳಿನಲ್ಲಿದ್ದಂಥದ್ದೇ ಒಂದನ್ನು ತೆಗೆದು, ನನ್ನ ಕೈ ಹಿಡಿದು ತುರುಕಿದಳು. ಸ್ವಲ್ಪ ಬಿಗಿಯಾಗಿತ್ತು.

ಬಂದವರು ಅವಲಕ್ಕಿ ತಿಂದರು. ಹುಡುಗನ ತಾಯಿ ಸಂತೆಗೆ ಹೋಗುವವರಲ್ಲ, ದೊಡ್ಡವ್ವನನ್ನು ಅದುವರೆಗೆ ನೋಡಿರಲಿಲ್ಲ. ಹುಡುಗನ ತಾಯಿ ನನ್ನ ಕೈ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ದೊಡ್ಡವ್ವನ ಕಡೆ ತಿರುಗಿದರು.

"ಮಾದರಿ ಚೆನ್ನಾಗೈತೆ. ಎಲ್ಲಿ ಮಾಡ್ಸಿದ್ರಿ?"

"ಮಾಡ್ಸಿದ್ದಲ್ಲ ಬೀಗ್ತಿ. ನನ್ನ ಬುಟ್ಟೀದು. ಗಿಲೀಟು."

ಅಪ್ಪ ನೆಲ ನೋಡಿದ. ಹುಡುಗನ ತಾಯಿ ಹೊಟ್ಟೆ ಕುಣಿಸಿ ನಕ್ಕರು.

"ನಾವೇನು ಬಸ್ಸಲ್ಲಿ ಕೂತೀವಾ? ಈ ಸರ ಯಾರಾದ್ರೂ ನೋಡಿದ್ರೆ ನಾನೂ ಹಂಗೇ ಹೇಳದು."

"ತಮಾಷೆ ಅಲ್ಲ ಕಣವ್ವ. ಇಲ್ನೋಡಿ, ಇದೇ ಉಂಗ್ರ, ವರ್ಷಕ್ಕೆ ಹಿಂಗಾಗ್ತದೆ" ಎಂದು ದೊಡ್ಡವ್ವ ಕಿರುಬೆರಳು ಎತ್ತಿದಳು.

ಎಲ್ಲರೂ ಇನ್ನಷ್ಟು ನಕ್ಕರು. "ಹುಡುಗಿ ಕಡೆಯೋರು ಮಾತುಗಾರರು" ಎಂದು ಅವರ ಕಡೆಯ ಗಂಡಸೊಬ್ಬರು ಹೇಳಿದರು. ಅಲ್ಲಿಗೆ ಮದುವೆ ಕೂಡಿಬಂತು. ದೊಡ್ಡವ್ವ ಮೂರನೇ ಸಲ ಹೇಳಲಿಲ್ಲ. ನಶ್ಯದ ಡಬ್ಬಿ ತೆಗೆದಳು.

ಮದುವೆಯಾಗಿ ಹೋದ ನಾಲ್ಕನೇ ದಿನ ಅತ್ತೆ ಉಂಗುರ ಬಿಚ್ಚಿಸಿದರು. ಸಗಣಿ ಬಾಚುವ ಕೈಗೆ ಚಿನ್ನ ಯಾಕೆ ಎಂದು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಗೌರಿಹಬ್ಬಕ್ಕೆ, ದೀಪಾವಳಿಗೆ, ಹುತ್ತರಿಗೆ, ಯುಗಾದಿಗೆ, ಯಾರಾದರೂ ನೆಂಟರ ಮದುವೆಗೆ ತೆಗೆದು ಕೊಡುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಮತ್ತೆ ಪೆಟ್ಟಿಗೆಗೆ.

ನನಗೆ ದೊಡ್ಡವ್ವನ ನಡುಬೆರಳು ನೆನಪಿತ್ತು. ಒಂದು ತಿಂಗಳು ಹಾಕಿದರೆ ಮಂಕು. ಮೂವತ್ತು ದಿನ ಎಂದುಕೊಂಡೆ. ಅಕ್ಕಿ ಮಡಕೆಯ ಹಿಂದಿನ ಮಣ್ಣಿನ ಗೋಡೆಯಲ್ಲಿ, ಉಂಗುರ ಹಾಕಿದ ದಿನಕ್ಕೊಂದರಂತೆ ಉಗುರಿನಲ್ಲಿ ಗೀರು ಎಳೆಯುತ್ತಾ ಬಂದೆ. ಒಂದು ವರ್ಷ ಗೋಡೆ ಸಾರಿಸಿದಾಗ ಗೀರು ಮುಚ್ಚಿಹೋಯಿತು. ಲೆಕ್ಕ ತಲೆಯಲ್ಲಿತ್ತು. ಹಬ್ಬ ಬಂದರೆ ಬೇರೆಯವರಿಗೆ ಹೋಳಿಗೆಯ ಆಸೆ, ನನಗೆ ಬೆರಳು ನೋಡಿಕೊಳ್ಳುವ ಕೆಲಸ. ನೀರು ಮುಟ್ಟದಂತೆ, ಬೆವರದಂತೆ ಕೈಯನ್ನು ಸೆರಗಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಸೊಸೆಗೆ ಜಂಬ ಎಂದು ನೆಂಟರು ಆಡಿಕೊಂಡರು. ಗಂಡನಿಗೆ ಹೇಳಿದ್ದರೆ ಅವರು ತಾಯಿಗೆ ಹೇಳುತ್ತಿದ್ದರು, ಅದಕ್ಕೇ ಹೇಳಲಿಲ್ಲ.

ಹತ್ತೊಂಬತ್ತು ಗೀರು ಆಗಿತ್ತು. ಆಗ ನಾದಿನಿಗೆ ಗಂಡು ಕೂಡಿಬಂತು. ಅತ್ತೆ ಹತ್ತಿಯ ಗಂಟು ತಂದು ನನ್ನ ಕೈಗೆ ಕೊಟ್ಟರು.

"ನಿನ್ನ ಉಂಗ್ರ ಇವ್ಳಿಗೆ ಹಾಕನ. ಬ್ಯಾಸರ ಮಾಡ್ಕಬ್ಯಾಡ. ಸಂತೆಗೆ ಹೋದಾಗ ಅಕ್ಕಸಾಲಿ ಹತ್ರ ಒಂಚೂರು ಚಿಕ್ಕದು ಮಾಡಿಸ್ಕಂಡು ಬಾ. ಇವ್ಳ ಬೆರಳು ಸಣ್ಣ."

ಅಕ್ಕಸಾಲಿ ಅದನ್ನು ಕೈಗೆ ತೆಗೆದುಕೊಂಡರೆ ಸಾಕು, ಗೊತ್ತಾಗುತ್ತಿತ್ತು. ನಾನು ಗಂಟನ್ನು ಸೆರಗಿಗೆ ಕಟ್ಟಿಕೊಂಡು ಸುಂಟಿಕೊಪ್ಪಕ್ಕೆ ಹೋದೆ. ಅಕ್ಕಸಾಲಿಯ ಅಂಗಡಿ ದಾಟಿ ನೇರ ಗೋಣಿಯ ಮುಂದೆ ಕೂತೆ. ದಾರಿಯುದ್ದಕ್ಕೂ ಯೋಚನೆ ಮಾಡಿಕೊಂಡೇ ಬಂದಿದ್ದೆ. ಅದೇ ಮಾದರಿ, ಸಣ್ಣ ಅಳತೆ, ಹೊಸದು. ಬದಲಾಯಿಸಿಕೊಂಡು ಹೋದರೆ ಯಾರಿಗೂ ತಿಳಿಯುವುದಿಲ್ಲ. ನಾದಿನಿ ಹಾಕಿಕೊಂಡು ತನ್ನ ಗಂಡನ ಮನೆಗೆ ಹೋಗುತ್ತಾಳೆ. ನನ್ನ ತಲೆನೋವು ನನ್ನ ಮನೆಯಿಂದ ಆಚೆ.

ದೊಡ್ಡವ್ವ ಎಲ್ಲ ಕೇಳಿದಳು. ಬುಟ್ಟಿಯಿಂದ ಸಣ್ಣದೊಂದನ್ನು ತೆಗೆದು ಗೋಣಿಯ ಮೇಲೆ ಇಟ್ಟಳು.

"ತಗೋ. ಮಾರೋದು ನನ್ನ ಕಸುಬು, ಇಲ್ಲ ಅನ್ನಲ್ಲ. ಎಷ್ಟು ದಿನ ಹಾಕಿದೀಯ ನಿಂದ?"

"ಹತ್ತೊಂಬತ್ತು" ಎಂದೆ. ಬಾಯಿಂದ ಥಟ್ಟನೆ ಬಂತು.

ಅವಳು ನನ್ನ ಮುಖ ನೋಡಿದಳು. "ಎಣಿಸ್ತಿದೀಯ. ಇನ್ಮೇಲೆ ಆ ಹುಡ್ಗಿ ಎಣಿಸ್ಬೇಕು. ಅವ್ಳಿಗೆ ಎಣಿಸ್ಬೇಕು ಅಂತಾನೂ ಗೊತ್ತಿರಲ್ಲ."

ನಾನು ಸಣ್ಣ ಉಂಗುರದ ಕಡೆ ಕೈ ಚಾಚಿದೆ.

"ನಾನು ಎರಡು ಸಲ ಹೇಳ್ದೆ. ನಿಮ್ಮತ್ತೆ ನಕ್ಳು. ಮೂರನೇ ಸಲ ಹೇಳೋದು ನಿಂದು" ಎಂದಳು. ಅಷ್ಟರಲ್ಲಿ ಲೈನಿನ ಹೆಂಗಸೊಬ್ಬಳು ಬಂದಳು. ದೊಡ್ಡವ್ವ ಅವಳಿಗೆ ಬೆರಳು ಎತ್ತಿ ತೋರಿಸತೊಡಗಿದಳು. ನನ್ನ ಕಡೆ ಮತ್ತೆ ತಿರುಗಲಿಲ್ಲ. ಸಣ್ಣ ಉಂಗುರವನ್ನು ಗೋಣಿಯ ಮೇಲೇ ಬಿಟ್ಟು ಎದ್ದೆ.

ಅಡಿಗೆಮನೆಯಲ್ಲಿ ಅತ್ತೆ ರೊಟ್ಟಿ ತಟ್ಟುತ್ತಿದ್ದಾಗ ಹೇಳಿದೆ. ಅವರ ಕೈ ನಿಂತಿತು. ಕಾವಲಿಯ ಮೇಲಿನ ರೊಟ್ಟಿ ಸೀದುಹೋಯಿತು. ಬೈಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ, ಅದೇ ಕಷ್ಟವಾಯಿತು. ಮುಂದಿನ ಸಂತೆಗೆ ನನ್ನನ್ನೂ ಎಳೆದುಕೊಂಡು ಹೋದರು. ಬೈಗುಳ ಅಲ್ಲಿಗೆ ಉಳಿಸಿಕೊಂಡಿದ್ದರು.

"ನಿನ್ನ ಮಾತು ನಂಬಿ ಹೆಣ್ಣು ತಂದ್ನಲ್ಲೇ."

"ನಂಬಿದ್ರೆ ಎಲ್ಲಿತ್ತು ಈ ಜಗಳ? ಎರಡು ಸಲ ಹೇಳ್ದೆ, ಎರಡು ಸಲಾನೂ ನಕ್ರಿ."

"ಹೇಳೋ ಹಂಗೆ ಹೇಳ್ಬೇಕಿತ್ತು."

"ಇನ್ ಹೆಂಗೆ ಹೇಳದು? ಅತ್ಕಂಡು ಹೇಳ್ಬೇಕಿತ್ತಾ?"

ಸುತ್ತ ಜನ ಸೇರಿದರು. ದೊಡ್ಡವ್ವ ಗೋಣಿಯ ಅಂಚು ಸರಿಸಿ "ಕೂತ್ಕಳಿ ಬೀಗ್ತಿ, ಬಿಸ್ಲು" ಎಂದಳು. ಅತ್ತೆ ಕೂತರು. ತಗ್ಗಿದ ದನಿಯಲ್ಲಿ, "ಈಗ ನನ್ನ ಮಗಳ ಗಂಡಿನ ಮನೆಯೋರಿಗೆ ಏನಂತ ಹೇಳ್ಲಿ?" ಎಂದು ಕೇಳಿದರು.

"ಬರಿ ಕೈ ತೋರ್ಸಿ. ಬರಿ ಕೈ ನೋಡಿ ಯಾರೂ ಚಿನ್ನ ಅನ್ನಲ್ಲ."

ಅತ್ತೆ ಹಾಗೇ ಮಾಡಿದರು. ಗಂಡಿನ ಕಡೆಯವರು ಗೊಣಗಿದರು, ಸುಗ್ಗಿಯ ಮೇಲೆ ಉಂಗುರ ಮಾಡಿಸಿಕೊಡುವ ಮಾತಿಗೆ ಒಪ್ಪಿದರು. ಮದುವೆ ಆಯಿತು. ನನ್ನ ಜೊತೆ ಅತ್ತೆ ಒಂದೂವರೆ ತಿಂಗಳು ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಹಬ್ಬವಲ್ಲ ಹುಣ್ಣಿಮೆಯಲ್ಲ, ಹತ್ತಿಯ ಗಂಟನ್ನು ನನ್ನ ಮುಂದೆ ಎಸೆದರು.

"ಹಾಕ್ಕೋ. ಇದಕ್ಕೆ ಬೀಗ ಹಾಕಿದ್ ನನ್ ಬುದ್ಧಿಗೆ ಬೆಂಕಿ ಹಾಕ."

ಹಾಕಿಕೊಂಡೆ. ಸಗಣಿ ಬಾಚಿದೆ, ನಾಟಿ ಮಾಡಿದೆ, ಪಾತ್ರೆ ತಿಕ್ಕಿದೆ. ಹಿಂದಿನ ಹತ್ತೊಂಬತ್ತು ಸೇರಿ ಮೂವತ್ತಕ್ಕೇ ಮಂಕಾಯಿತು, ದೊಡ್ಡವ್ವನ ನಡುಬೆರಳಿನ ಹಾಗೆಯೇ. ಆಮೇಲೆ ಕೆಂಪಾಯಿತು, ಕಪ್ಪಾಯಿತು. ಆ ಉಂಗುರ ಹಾಕಿಕೊಂಡು ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಅದು ಕಪ್ಪಾದ ಮೇಲೆ.

ದೊಡ್ಡವ್ವ ಸತ್ತ ಸುದ್ದಿ ಬಂದಾಗ ಕೊಡಗು ಮೈಸೂರಿಗೆ ಸೇರಿ ಕೆಲವು ವರ್ಷವಾಗಿತ್ತು. ಹಿಂದಿನ ವಾರದ ಸಂತೆಗೂ ಹೋಗಿದ್ದಳಂತೆ. ನಾನು ಹೋಗುವ ಹೊತ್ತಿಗೆ ಹೊಳೆ ಆಚೆಯಿಂದ ಅವಳ ತಮ್ಮನ ಮಗ, ಅವನ ಹೆಂಡತಿ ಬಂದಿದ್ದರು. ಅವರನ್ನು ಆ ಮನೆಯಲ್ಲಿ ನಾನು ಅದುವರೆಗೆ ನೋಡಿರಲಿಲ್ಲ. ಮೈ ತೊಳೆಯುವ ಮೊದಲು ಆ ಹೆಂಗಸು ಸೋಪು ಹಚ್ಚಿ ಉಂಗುರ ಎಳೆಯುತ್ತಿದ್ದಳು.

"ಬಿಡವ್ವ, ಎಲ್ಲ ಗಿಲೀಟು" ಎಂದೆ.

"ನಾಲ್ಕರಲ್ಲಿ ಒಂದಾದ್ರೂ ಚಿನ್ನ ಇರ್ತದೆ. ಇಷ್ಟು ವರ್ಷ ಯಾಪಾರ ಮಾಡಿದೋರು, ಬಚ್ಚಿಡೋಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?"

"ಇಲ್ಲ ಕಣವ್ವ. ಗಿಲೀಟು" ಎಂದು ಎರಡನೇ ಸಲ ಹೇಳಿದೆ. ಅವಳು ಗಂಡನ ಮುಖ ನೋಡಿ ನಕ್ಕಳು. ಮೂರನೇ ಸಲ ಹೇಳಬೇಕಾದ ಸಂಬಂಧ ನನಗೂ ಅವಳಿಗೂ ಇರಲಿಲ್ಲ.

ಮೂರು ಉಂಗುರ ಬಂದವು. ತಮ್ಮನ ಮಗ ಒಂದೊಂದನ್ನೇ ಒರಳುಕಲ್ಲಿಗೆ ಉಜ್ಜಿದ. ಹೊಳೆಯುತ್ತಿದ್ದದ್ದರ ಕೆಳಗೂ ಹಿತ್ತಾಳೆ, ಕೆಂಪಾಗಿದ್ದದ್ದರ ಕೆಳಗೂ ಹಿತ್ತಾಳೆ. ಮೂರನ್ನೂ ಕಿಟಕಿಯ ಮೇಲೆ ಇಟ್ಟು, ಕೈ ಒರೆಸಿಕೊಂಡು ಆಚೆ ಹೋದ.

ಮೈ ತೊಳೆದು ಸೀರೆ ಉಡಿಸಿದ ಮೇಲೆ ನಾನು ಅವನ್ನು ತೆಗೆದುಕೊಂಡೆ. ಯಾವುದು ಯಾವ ಬೆರಳಿನದು ಎಂದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಹೊಸದನ್ನು ತೋರುಬೆರಳಿಗೆ, ಮಂಕಾದದ್ದನ್ನು ನಡುಬೆರಳಿಗೆ, ಕೆಂಪಾದದ್ದನ್ನು ಅದರ ಪಕ್ಕಕ್ಕೆ ಹಾಕಿದೆ. ಕಿರುಬೆರಳಿನದನ್ನು ಹಾಕುವ ಕೆಲಸ ಇರಲಿಲ್ಲ. ಅದು ಸೋಪಿಗೂ ಬಂದಿರಲಿಲ್ಲ.