ಎಂಜಿನ್ನಿನ ಬಾಯಿಗೆ ತುರುಕಿದ ಉಣ್ಣೆ

ಹಿರಿಯೂರಿನಲ್ಲಿ ನಮ್ಮದೊಂದು ಬೈಕ್ ಬಿಡಿಭಾಗಗಳ ಅಂಗಡಿ. ಸಾಮಾನು ತರಲು ಓಡಾಡುವವರು ನನ್ನ ಗಂಡ, ಕೌಂಟರಿನಲ್ಲಿ ಕೂರುವವಳು ನಾನು. ಹಳೇ ಗಾಡಿಗಳ ಎಂಜಿನ್ ಕೇಸಿಗೆ, ಅಂದರೆ ಎಂಜಿನ್ನನ್ನೂ ಅದರ ಆಯಿಲ್ಲನ್ನೂ ಹೊತ್ತ ಲೋಹದ ಪೆಟ್ಟಿಗೆಗೆ, ನಮ್ಮ ಜನ ಮಾಡುವ ಅನಾಚಾರಗಳನ್ನು ನೋಡಿ ನೋಡಿ ನನ್ನ ಎದೆ ಗಟ್ಟಿಯಾಗಿದೆ ಎಂದುಕೊಂಡಿದ್ದೆ. ಕಲ್ಲು ಬಡಿದು ಸೀಳಿದ ಕೇಸಿಗೆ ಮೈಸೋಪು ಮೆತ್ತಿಕೊಂಡು ಹೊಳಲ್ಕೆರೆಯಿಂದ ಇಲ್ಲಿಯತನಕ ಬಂದವರಿದ್ದಾರೆ. ಆಯಿಲ್ ಬಸಿಯುವ ಬೋಲ್ಟನ್ನು ಮೈಬಲವೆಲ್ಲ ಹಾಕಿ ಬಿಗಿದು, ಕೇಸಿನ ಥ್ರೆಡ್ಡನ್ನೇ ಕಿತ್ತು, ಆಮೇಲೆ ಬೋಲ್ಟಿಗೆ ಗೋಣಿದಾರ ಸುತ್ತಿ ತಿರುಗಿಸಿದವರಿದ್ದಾರೆ. ಸಡಿಲ ಬಿಟ್ಟ ಚೇನು ತುಂಡಾಗಿ, ಮುದ್ದೆಗಟ್ಟಿ ಕೇಸಿಗೆ ತೂತು ಹೊಡೆದಿದ್ದರೂ, "ಸ್ವಲ್ಪ ಒಡೆದೈತೆ ಕಣಕ್ಕ, ಒಂದು ಪ್ಯಾಕಿಂಗ್ ಕೊಡು" ಅಂದವನೂ ಒಬ್ಬನಿದ್ದಾನೆ. ಇಂಥವರಿಗೆಲ್ಲ ನಾನು ಬೈದೇ ಸಾಮಾನು ಕೊಡುವುದು. ಬೈಸಿಕೊಂಡವರು ಮತ್ತೆ ನನ್ನ ಅಂಗಡಿಗೇ ಬರುತ್ತಾರೆ.

ನನ್ನ ತವರು ಹರಿಯಬ್ಬೆ ಕಡೆಯ ಹಟ್ಟಿ. ಅಲ್ಲಿ ಅವ್ವ ಮತ್ತು ತಮ್ಮ ಇದ್ದಾರೆ, ಕುರಿಗಳಿವೆ. ತಮ್ಮನಿಗೆ ಚಿಕ್ಕಂದಿನಲ್ಲೇ ಜ್ವರ ಬಂದು ಎಡಗಾಲು ಸೋತುಹೋಯಿತು. ಊರುಗೋಲು ಹಿಡಿದು ಅಂಗಳ ದಾಟುತ್ತಾನೆಯೇ ಹೊರತು ಕುರಿಯ ಹಿಂದೆ ನಡೆಯಲಾರ. ಅವನನ್ನು ಕುರಿಗಾರನನ್ನಾಗಿ ಉಳಿಸಿರುವುದು ಒಂದು ಹಳೇ ಫೋರ್ ಸ್ಟ್ರೋಕ್ ಬೈಕು. ಗೇರನ್ನು ಕೈಯಲ್ಲಿ ಹಾಕುವಂತೆ ಟ್ಯಾಂಕಿನ ಪಕ್ಕಕ್ಕೆ ಒಂದು ಸರಳು ಕೂರಿಸಿಕೊಂಡಿದ್ದಾನೆ. ಬೆಳಗ್ಗೆ ಕುರಿ ಬಿಟ್ಟರೆ, ಅವುಗಳ ಹಿಂದೆ ಮೆಲ್ಲಗೆ ಗುಡುಗುಡು ಎನ್ನುತ್ತ ಸಂಜೆತನಕ ಸುತ್ತುತ್ತಾನೆ. ಆ ಗಾಡಿ ನಿಂತರೆ ಕುರಿ ಮಾರಬೇಕು, ಅವನು ಜಗುಲಿ ಹಿಡಿಯಬೇಕು. ಇದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಎಲ್ಲರಿಗೂ ಗೊತ್ತಿದ್ದ ಮಾತು.

ಹೋದ ವರ್ಷ ಅವನು ಮೇಲಿಂದ ಮೇಲೆ ಆಯಿಲ್ ಸೀಲು ಕೇಳತೊಡಗಿದ. ಎಂಜಿನ್ ಕೇಸಿನಿಂದ ಚೇನಿನ ಹಲ್ಲುಚಕ್ರದ ಕಡೆ ಹೊರಬರುವ ಶಾಫ್ಟಿನ ಸುತ್ತ ಕೂರುವ ರಬ್ಬರ್ ಬಳೆ ಅದು. ಒಳಗಿನ ಆಯಿಲ್ ಹೊರಗೆ ಬಾರದಂತೆ ತಡೆಯುವುದೇ ಅದರ ಕೆಲಸ. ಒಮ್ಮೆ ಕೂರಿಸಿದರೆ ವರ್ಷಗಟ್ಟಲೆ ಬಾಳಬೇಕು. ಇವನದು ತಿಂಗಳು ತುಂಬುವುದರೊಳಗೆ ಕಿತ್ತುಕೊಂಡು ಬರುತ್ತಿತ್ತು.

"ಲೇ, ಸೀಲು ಹಾಕ್ತೀಯೋ, ಹುರಿದುಕೊಂಡು ತಿಂತೀಯೋ?" ಎಂದು ಫೋನಿನಲ್ಲೇ ಜಾಡಿಸಿದೆ.

"ಕಳ್ಸಕ್ಕಾ ಸುಮ್ನೆ. ಹಳೇ ಗಾಡಿ ಐತಿ, ಹೋಗ್ತಾವೆ" ಎಂದ. ಅವನ ದನಿಯಲ್ಲಿ ಒಂದು ಹಿಂಜರಿಕೆ ಇತ್ತು. ಅಂಗಡಿಯ ಗಡಿಬಿಡಿಯಲ್ಲಿ ನಾನು ಬಸ್ಸಿನವರ ಕೈಗೆ ಸೀಲು ಕೊಟ್ಟು ಕಳಿಸಿದೆ.

ಆಮೇಲೊಂದು ದಿನ ಮಧ್ಯಾಹ್ನ ಜವನಗೊಂಡನಹಳ್ಳಿಯಿಂದ ಯಾರೋ ಫೋನು ಮಾಡಿದರು. ತಮ್ಮ ಬಿದ್ದಿದ್ದಾನೆ, ಜೀವಕ್ಕೇನೂ ಇಲ್ಲ, ಬರ್ರಿ ಎಂದರು. ಅಂಗಡಿಯ ಬಾಗಿಲು ಎಳೆದುಕೊಳ್ಳಲೂ ಮರೆತು ಓಡಿದೆ. ರಸ್ತೆ ಬದಿಯ ಮರಳಿನ ಗುಪ್ಪೆಯ ಮೇಲೆ ಕೂತಿದ್ದ. ಮೊಣಕೈ, ಗಲ್ಲ ತರಚಿ ರಕ್ತ ಬಂದಿತ್ತು. ಓಡುತ್ತಿದ್ದ ಎಂಜಿನ್ ಒಮ್ಮೆಲೇ ಕಚ್ಚಿಕೊಂಡು, ಹಿಂದಿನ ಚಕ್ರ ನಿಂತು, ಗಾಡಿ ಅವನನ್ನು ಆ ಗುಪ್ಪೆಯ ಮೇಲೆ ಎಸೆದಿತ್ತು. ಎರಡು ಮಾರು ಆಚೆ ಬಿದ್ದಿದ್ದರೆ ಮೋರಿಯ ಕಲ್ಲು. ಆ ಕಲ್ಲನ್ನು ನೋಡಿ ಅವನ ಪಕ್ಕದಲ್ಲೇ ಕುಸಿದು ಕೂತೆ.

ಗಾಡಿಯನ್ನು ನೋಡಿದ್ದು ಆಮೇಲೆ. ಕೇಸಿನ ಮುಂಭಾಗದಲ್ಲಿ ನನ್ನ ಮುಷ್ಟಿ ಹೋಗುವಷ್ಟು ತೂತು. ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡು ಒಳಗೇ ಮುರಿದು, ಕೇಸನ್ನು ಒಡೆದುಕೊಂಡು ಹೊರಗೆ ಇಣುಕುತ್ತಿತ್ತು. ನಾನು ಒಡೆದ ಕೇಸು ಎಷ್ಟೋ ಕಂಡವಳು. ನಮ್ಮ ಮನೆಯ ಗಾಡಿಯ ಹೊಟ್ಟೆ ಬಗೆದು ಬಿದ್ದಿದ್ದನ್ನು ಕಂಡಾಗ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡೆ. ನೆಲದ ಮೇಲೆ ಆಯಿಲ್ಲಿನ ಒಂದು ಹನಿಯೂ ಇರಲಿಲ್ಲ. ಎಲ್ಲ ದಾರಿಯಲ್ಲೇ ಸೋರಿ ಮುಗಿದಿತ್ತು.

ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹಿರಿಯೂರಿಗೆ ತಂದೆವು. ನಮ್ಮ ಅಂಗಡಿ ಪಕ್ಕದ ಗ್ಯಾರೇಜಿನ ಮೇಸ್ತ್ರಿ ಎಂಜಿನ್ ಬಿಚ್ಚುತ್ತ ಕೂತರು. ಸೀಲು ಮತ್ತೆ ಕಿತ್ತುಬಂದಿತ್ತು. ಹೊಸ ಸೀಲು, ನಾನೇ ಕೈಯಾರೆ ಆರಿಸಿ ಕಳಿಸಿದ್ದು. ಒಳಗಿನಿಂದ ಯಾರೋ ಒದ್ದ ಹಾಗೆ ಹೊರಗೆ ಬಂದಿತ್ತು. ಒದ್ದದ್ದು ಏನು ಎಂದು ಯೋಚಿಸುವಾಗ ನನ್ನ ಕಣ್ಣು ಎಂಜಿನ್ ಮೇಲಿಂದ ಇಳಿಬಿದ್ದ ರಬ್ಬರ್ ಪೈಪಿನ ಮೇಲೆ ನಿಂತಿತು. ಬ್ರೀದರ್ ಪೈಪು. ಪಿಸ್ಟನ್ ಕೆಳಗಿಳಿದಾಗಲೆಲ್ಲ ಕೇಸಿನೊಳಗೆ ಒತ್ತಿಕೊಳ್ಳುವ ಗಾಳಿ ಹೊರಗೆ ಹೋಗುವುದು ಅದರಿಂದಲೇ. ಅದರ ಬಾಯಿ ಕಟ್ಟಿದರೆ ಗಾಳಿ ಸೀಲನ್ನು ದೂಡುತ್ತದೆ, ಅದರ ಹಿಂದೆಯೇ ಆಯಿಲ್ ಹೋಗುತ್ತದೆ. ಪೈಪಿನ ತುದಿಗೆ ಕಪ್ಪು ದಾರ ಬಿಗಿದು ಕಟ್ಟಿತ್ತು. ದಾರ ಕತ್ತರಿಸಿ, ಇಕ್ಕಳ ಹಾಕಿ ಎಳೆದೆ. ಹರಳೆಣ್ಣೆ ನೆನೆಸಿ ಗಟ್ಟಿಯಾಗಿ ತುರುಕಿದ್ದ ಉಣ್ಣೆಯ ಉಂಡೆ ಹೊರಗೆ ಬಂತು.

"ಯಾರಕ್ಕ ಇದನ್ನ ಮಾಡಿದ್ದು? ಯಾರೋ ಆಗದೇ ಇರೋರು ಇರ್ಬೇಕು" ಎಂದರು ಮೇಸ್ತ್ರಿ.

ಆ ಕೈಗೆಲಸ ನಾನು ಹುಟ್ಟಿದಾಗಿನಿಂದ ನೋಡಿದ್ದು. ಮರಿಗಳಿಗೆ ಗಾಯವಾಗಿ ಸೋರಿದರೆ ಅವ್ವ ಹರಳೆಣ್ಣೆಯಲ್ಲಿ ಅದ್ದಿದ ಉಣ್ಣೆ ತುರುಕಿ, ಸೋಮವಾರ ಗದ್ದುಗೆಗೆ ಹಾಸುವ ದೇವರ ಕಂಬಳಿಯಿಂದ ಒಂದೆಳೆ ದಾರ ಹಿರಿದು ಮೇಲೆ ಕಟ್ಟುತ್ತಾಳೆ. ಗಾಯ ಮಾಯುವತನಕ ಅದನ್ನು ಯಾರೂ ಬಿಚ್ಚುವ ಹಾಗಿಲ್ಲ. ಗಾಡಿ ರಾತ್ರಿ ನಿಲ್ಲುವುದು ಪಡಸಾಲೆಯಲ್ಲಿ. ಆ ಪೈಪಿನಿಂದ ಒಂದೊಂದು ಹನಿ ಜಿಡ್ಡು ಬೀಳುವುದನ್ನು ಅವಳು ನೋಡಿದ್ದಾಳೆ. ಗಾಡಿಗೆ ಗಾಯವಾಗಿದೆ ಎಂದುಕೊಂಡು ತನಗೆ ತಿಳಿದ ಮದ್ದು ಮಾಡಿದ್ದಾಳೆ.

ಬೆಂಚಿನ ಮೇಲೆ ಕೂತಿದ್ದ ತಮ್ಮನ ಮುಂದೆ ಉಂಡೆ ಹಿಡಿದೆ. ಅವನು ಬೆಚ್ಚಲಿಲ್ಲ. ತಲೆ ತಗ್ಗಿಸಿದ.

"ನಿಂಗೆ ಗೊತ್ತಿತ್ತಾ?"

"ಎರಡನೇ ಸೀಲು ಹೋದಾಗ್ಲೇ ಗೊತ್ತಾತು. ಕಿತ್ತು ಬಿಸಾಕಿದ್ದೆ. ಅವ್ವ ಅನ್ನ ನೀರು ಬಿಟ್ಲು ಅಕ್ಕಾ. ದೇವ್ರ ದಾರ ಕಿತ್ತೀಯಾ, ನಿಂಗೇನಾದ್ರೂ ಆದ್ರೆ ನಾನೆಂಗೆ ಬದುಕ್ಲಿ ಅಂತ ಅತ್ಲು. ಮತ್ತೆ ಕಟ್ಟಿಸ್ಕಂಡೆ. ದಿನಾ ಆಯಿಲ್ ನೋಡಿ ಹಾಕ್ತಿದ್ದೆ. ಇವತ್ತು ಮರ್ತೆ."

ನನ್ನ ಜನ್ಮದಲ್ಲಿ ಹಾಗೆ ದಂಗಾಗಿದ್ದಿಲ್ಲ. ಸೋಪು ಮೆತ್ತಿದವರು, ಗೋಣಿದಾರ ಸುತ್ತಿದವರು ತಿಳಿಯದೆ ಮಾಡಿದ್ದರು. ಇವನು ತಿಳಿದೂ ತಿಳಿದೂ ಆ ಎಂಜಿನ್ ಮೇಲೆ ದಿನಾ ಹತ್ತಿ ಕೂತಿದ್ದ.

ಆ ಗಾಡಿಗೆ ಹೊಸ ಕೇಸು ಸಿಗುವುದು ನಿಂತು ಎಷ್ಟೋ ಕಾಲವಾಗಿದೆ. ನನ್ನ ಗಂಡ ಚಿತ್ರದುರ್ಗದ ಗುಜರಿಗಳನ್ನೆಲ್ಲ ಜಾಲಾಡಿ, ಕೊನೆಗೆ ಹೊಸದುರ್ಗದಲ್ಲಿ ಅದೇ ಮಾದರಿಯ ಒಂದು ಕೇಸು ಹಿಡಿದು ತಂದರು. ಅಲ್ಲಿಯತನಕ ಕುರಿಗಳನ್ನು ಪಕ್ಕದ ಮನೆಯವರು ಮೇಯಿಸಲು ಹೊಡೆದುಕೊಂಡು ಹೋಗುತ್ತಿದ್ದರು. ಗಾಡಿ ಎದ್ದ ದಿನ ನಾನೂ ತಮ್ಮನ ಜೊತೆ ಹಟ್ಟಿಗೆ ಹೋದೆ.

ಅವ್ವ ಹೊಸಿಲಲ್ಲೇ ಕಾಯುತ್ತಿದ್ದಳು. ಮಗನ ಗಲ್ಲದ ಗಾಯ ಸವರಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನೋಡವ್ವಾ, ಅಷ್ಟು ದೊಡ್ಡ ಕಬ್ಬಿಣ ಒಡೆದೋದ್ರೂ ನನ್ನ ಮಗನಿಗೆ ಏನೂ ಆಗ್ಲಿಲ್ಲ. ದಾರ ಕಾಯ್ತು" ಎಂದಳು. ಅವಳ ಬಲಗೈಯಲ್ಲಿ ಹೊಸ ಉಣ್ಣೆಯಿತ್ತು, ಎಣ್ಣೆ ಹೀರಿ ಹೊಳೆಯುತ್ತಿತ್ತು.

ತಮ್ಮ ಬೇಡ ಎನ್ನುವಂತೆ ನನಗೆ ಕಣ್ಸನ್ನೆ ಮಾಡಿದ. ನನ್ನ ಸಿಟ್ಟು ಅಷ್ಟರಲ್ಲೇ ನೆತ್ತಿಗೇರಿತ್ತು.

"ಕಾಯ್ಲಿಲ್ಲವ್ವಾ, ಕೊಲ್ತಿತ್ತು! ಅದು ಗಾಯ ಅಲ್ಲ, ಎಂಜಿನ್ ಉಸ್ರಾಡೋ ಮೂಗು. ನೀನು ಅದನ್ನ ಕಟ್ಟಿದ್ದಕ್ಕೇ ಆಯಿಲ್ ಸೋರಿ, ಒಳಗಿಂದೆಲ್ಲ ಒಡೆದಿದ್ದು. ಇವ್ನಿಗೆ ಗೊತ್ತಿತ್ತು. ನೀನು ಅಳ್ತೀಯಾ ಅಂತ ಬಾಯಿ ಮುಚ್ಕಂಡು ಓಡಾಡ್ದ."

ಅವ್ವನ ಮುಖ ಬಿಳಿಚಿತು. ಇವಳು ಇಲ್ಲೇ ಬೀಳುತ್ತಾಳೆ ಎಂದು ಹೆದರಿ ನಾನು ಕೈ ಚಾಚಿದೆ. ಅವಳು ನನ್ನ ಕೈ ಸರಿಸಿ ಮಗನ ಮುಂದೆ ಹೋಗಿ ನಿಂತಳು.

"ಗೊತ್ತಿತ್ತೇನೋ?"

"ಹೂಂನವ್ವ."

"ಗೊತ್ತಿದ್ದೂ ಅದ್ರ ಮೇಲೆ ಕುಂತ್ಯಾ?"

"ನೀನು ಕಟ್ಟಿದ್ದಲ್ಲವ್ವಾ."

ಉಣ್ಣೆ ಕೆಳಗೆ ಬಿತ್ತು. ಅವ್ವ ಅದೇ ಎಣ್ಣೆಗೈಯಲ್ಲಿ ಅವನ ಕೆನ್ನೆಗೆ ಛಟೀರೆಂದು ಬಾರಿಸಿದಳು. ಕಾಲು ಸೋತಾಗಿನಿಂದ ಆ ಮನೆಯಲ್ಲಿ ಅವನ ಮೇಲೆ ಯಾರೂ ಕೈ ಎತ್ತಿರಲಿಲ್ಲ. ಊರುಗೋಲಿನ ಮೇಲೆ ಓಲಾಡಿದವನನ್ನು ಬೀಳದ ಹಾಗೆ ಹಿಡಿದುಕೊಂಡವಳೂ ಅವಳೇ. ಹಿಡಿದುಕೊಂಡೇ ಇನ್ನೊಂದು ಹೊಡೆದಳು.