ಗಲ್ಲದ ಕುರ್ಚಿ

ಅವರ ಹುಬ್ಬುಗಳು ಬೆಳ್ಳಗೆ, ದಟ್ಟವಾಗಿ, ಕಣ್ಣಿಗೆ ಮಾಡು ಇಳಿಸಿದ ಹಾಗಿದ್ದವು. ನೆರೂಳ ರೈಲ್ವೆ ಸ್ಟೇಷನ್ನಿನ ಹತ್ತಿರದ ತಮ್ಮ ಹೋಟೆಲಿನಲ್ಲಿ ಅವರು ಗಿರಾಕಿಗಳನ್ನು ಕೂರಿಸುತ್ತಿದ್ದದ್ದು ಆ ಹುಬ್ಬುಗಳಿಂದಲೇ. ಒಂದು ಏರಿದರೆ ಆಚೆ ಟೇಬಲ್ಲಿಗೆ ಹೋಗಿ ಎಂದು, ಎರಡೂ ಏರಿದರೆ ಸ್ವಲ್ಪ ಸರಿದು ಜಾಗ ಕೊಡಿ ಎಂದು. ಉಡುಪಿ ಕಡೆಯವರು. ಎಲ್ಲರಿಗೂ ಅವರು ಅಣ್ಣ.

ಟೇಬಲ್ಲಿನಲ್ಲಿ ಮೂವರಿದ್ದರೆ, ನಾಲ್ಕನೆಯವರು ಯಾರೇ ಬಂದರೂ ಅಲ್ಲೇ ಕೂರಬೇಕು. ಹಿಂದೆಮುಂದೆ ನೋಡಿದವರಿಗೆ, "ಕೂತ್ಕೊಳ್ಳಿ ಮಾರಾಯ್ರೆ, ಇಡ್ಲಿ ನಿಮ್ಮ ಪಗಾರ ಕೇಳ್ತದಾ?" ಎನ್ನುವರು. ನಾನು ದೂರದ ದಿವಾ ಎಂಬಲ್ಲಿ ಒಂದೇ ಕೋಣೆಯ ಖೋಲಿಯಲ್ಲಿ ಐದನೆಯವನಾಗಿದ್ದು ಕೆಲಸ ಹುಡುಕುತ್ತಿದ್ದಾಗ, ಲೋಕಲ್ ರೈಲಿನಲ್ಲಿ ಮುದ್ದೆಯಾದ ಶರ್ಟಿನಲ್ಲಿ ನನ್ನನ್ನು ಒಬ್ಬ ಕಂಪನಿ ಅಧಿಕಾರಿಯ ಎದುರು ಕೂರಿಸಿದ್ದರು. ಕಾಫಿ ಮುಗಿಯುವುದರೊಳಗೆ ಆ ಪುಣ್ಯಾತ್ಮ ತಮ್ಮ ಆಫೀಸಿನಲ್ಲಿ ಜಾಗ ಖಾಲಿ ಇದೆ ಎಂದರು. ನನ್ನ ಬದುಕು ಶುರುವಾದದ್ದು ಹಾಗೆ.

ವರ್ಷಗಳು ಕಳೆದವು. ಸುತ್ತ ಟವರುಗಳೆದ್ದವು, ಒಂದರ ಹತ್ತೊಂಬತ್ತನೇ ಮಹಡಿಯಲ್ಲಿ ನಾನೂ ಮನೆ ಮಾಡಿದೆ. ಅಕ್ಕಪಕ್ಕದ ಹೋಟೆಲಿನವರೆಲ್ಲ ಎಸಿ ಹಾಲ್ ಮಾಡಿದರು. ದೊಡ್ಡ ಜನ ಬರುತ್ತಾರೆ, ನೀವೂ ಮಾಡಿ ಎಂದದ್ದಕ್ಕೆ ಅಣ್ಣ, "ದೊಡ್ಡ ಜನಕ್ಕೆ ಸೆಕೆ ಆದ್ರೆ ಫ್ಯಾನ್ ಉಂಟಲ್ಲ" ಎಂದರು.

ಒಂದು ಭಾನುವಾರ ನನ್ನ ಬಾಸನ್ನೂ ಅವರ ಹೆಂಡತಿಯನ್ನೂ ತಿಂಡಿಗೆ ಕರೆದೊಯ್ದೆ. ಬಾಸ್ ಮರಾಠಿಯವರು. ಅಣ್ಣನ ಎರಡೂ ಹುಬ್ಬು ಏರಿದವು. ನಾಲ್ಕನೇ ಕುರ್ಚಿಗೆ ಬಂದವಳು ನಮ್ಮ ಟವರಿನ ಕಸ ಗುಡಿಸುವಾಕೆ. ಅವಳಿಗೂ ಬಾಸಿಗೂ ತಿಳಿಯದಿರಲೆಂದು ನಾನು ನಗುನಗುತ್ತಲೇ ಕನ್ನಡದಲ್ಲಿ ಹೇಳಿದೆ: "ಅಣ್ಣ, ಕಸ ಗುಡಿಸುವವರನ್ನೆಲ್ಲ ನಮ್ಮ ಟೇಬಲ್ಲಿಗೆ ತರಬೇಡಿ."

ಅವಳು ಎದ್ದಳು. "ನಾ ಹೊರಗ ನಿಂತು ತಿಂತೀನ್ರೀ ಅಣ್ಣ" ಎಂದಳು, ಅಚ್ಚ ಕಲಬುರಗಿ ಕನ್ನಡದಲ್ಲಿ. ಮೂರು ವರ್ಷ ಅವಳೊಂದಿಗೆ ಕಸದ ವಿಷಯ ಮಾತ್ರ, ಅದೂ ಮರಾಠಿಯಲ್ಲಿ ಆಡಿದ್ದ ನನಗೆ ಅವಳ ಊರು ಹೇಗೆ ಗೊತ್ತಿರಬೇಕು? ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅಣ್ಣ ಅವಳನ್ನು ಹೊರಗೆ ಬಿಡಲಿಲ್ಲ. ಹಣ ತೆಗೆದುಕೊಳ್ಳುವ ಗಲ್ಲದ ಹಿಂದೆ ಅವರ ಕುರ್ಚಿ. ಬೆಳಿಗ್ಗೆ ಹೂವಿಟ್ಟು ಕೈಮುಗಿದೇ ಅವರು ಅದರಲ್ಲಿ ಕೂರುತ್ತಿದ್ದದ್ದು. ಸ್ವಂತ ಮಗ ಕೂತದ್ದನ್ನೂ ನಾನು ಕಂಡಿರಲಿಲ್ಲ. ಅವಳನ್ನು ಅಲ್ಲಿ ಕೂರಿಸಿದರು. ಮುದುಡಿ ಕೂತವಳಿಗೆ, "ಸರಿ ಕೂತ್ಕೊ ಮಗಾ, ಲಕ್ಷ್ಮಿಗೇನೂ ಬೇಜಾರಿಲ್ಲ" ಎಂದರು. ದೋಸೆ ಅಲ್ಲಿಗೇ ಬಂತು. ಅವಳು ತಿಂದು ಮುಗಿಸುವ ತನಕ ಅಣ್ಣ ಪಕ್ಕದಲ್ಲಿ ನಿಂತೇ ಎಲ್ಲರ ಬಿಲ್ಲು ತೆಗೆದುಕೊಂಡರು, ನನ್ನದನ್ನೂ.

ಆಮೇಲೆ ಆ ಮಾತು ಅವರು ಎತ್ತಲೇ ಇಲ್ಲ. ಎರಡು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ನಮ್ಮ ಟವರಿನಲ್ಲಿ ಕೆಲಸದವರ ಲಿಫ್ಟು ಬೇರೆ, ಹಾಗಾಗಿ ಅವಳಿಗೆ ಮುಖ ತಪ್ಪಿಸುವುದು ನನಗೆ ಕಷ್ಟವಾಗಲಿಲ್ಲ. ನಾಲ್ಕು ವರ್ಷ ತಪ್ಪಿಸಿದೆ.

ಕಳೆದ ತಿಂಗಳು ಅಣ್ಣ ತೀರಿಕೊಂಡರು. ಉತ್ತರಕ್ರಿಯೆಯ ಊಟಕ್ಕೆ ಅವಳೂ ಬಂದಿದ್ದಳು. ನನ್ನ ಪಕ್ಕದ ಎಲೆ ಖಾಲಿಯಿತ್ತು, ಕರೆದೆ. ಬಂದು ಕೂತಳು. ಪಾಯಸ ಬಡಿಸುವ ಹೊತ್ತಿಗೆ ಹೇಗೋ ಬಾಯಿ ಬಿಟ್ಟೆ: "ಅವತ್ತು ನಾನು ಹಾಗೆ ಹೇಳಬಾರದಿತ್ತಮ್ಮ. ತಪ್ಪಾಯ್ತು."

ಅವಳು ನನ್ನನ್ನು ನೆಟ್ಟಗೆ ನೋಡಿದಳು. "'ಅವರು ಕೆಟ್ಟವರಲ್ಲ, ಒಂದಿನ ತಾವ ಬಂದು ಹೇಳ್ತಾರ' ಅಂತ ಅಣ್ಣ ಆವತ್ತ ಅಂದಿದ್ರು. ಭಾಳ ತಡಾ ಮಾಡಿದ್ರಿ ಸಾಹೇಬ್ರ. 'ಹೇಳಿದ್ರೇನು?' ಅಂತ ಕಡೀತನಕ ಕೇಳ್ತಿದ್ರು."