ಸಾಲ್ಮನ್ ಹಿಡಿಯಲು ಹೋದ ಸ್ವೆಟರ್

ನನ್ನ ಕೆನೆಬಣ್ಣದ ಉಣ್ಣೆ ಸ್ವೆಟರ್ ಕಂಡರೆ ನನ್ನ ಹೆಂಡತಿಗೆ ಆಗುತ್ತಿರಲಿಲ್ಲ. ಅಮೆರಿಕದ ಆನ್ ಆರ್ಬರ್‌ನಲ್ಲಿ ಓದುತ್ತಿದ್ದಾಗ ಹಳೇ ಬಟ್ಟೆಯ ಅಂಗಡಿಯೊಂದರಲ್ಲಿ ಕೊಂಡದ್ದು ಅದು. ಯಾರೋ ಹಾಕಿ ಬಿಟ್ಟದ್ದನ್ನು ಹಾಕಿಕೊಂಡು ಓಡಾಡುತ್ತೀರಲ್ಲ ಎಂದು ಮದುವೆಯಾದ ಹೊಸತರಲ್ಲೇ ಮೂಗು ಮುರಿದಿದ್ದಳು. ನಾನು ಬಿಡಲಿಲ್ಲ. ಬಟ್ಟೆಯ ವಿಷಯದಲ್ಲಿ ನನ್ನದು ಕೊಂಚ ಹಟ. ಅದನ್ನು ವಾಷಿಂಗ್ ಮೆಷೀನಿಗೆ ಹಾಕಲು ಯಾರಿಗೂ ಬಿಡದೆ, ತಣ್ಣೀರಿನಲ್ಲಿ ಕೈಯಾರೆ ಒಗೆದು, ಟವೆಲಿನ ಮೇಲೆ ಹರವಿ ಒಣಗಿಸುತ್ತಿದ್ದೆ. ಮಕ್ಕಳನ್ನಾದರೂ ಇಷ್ಟು ಜೋಪಾನ ಮಾಡಿದ್ದೀರಾ ಎಂದು ಅವಳು ಕೇಳಿದರೆ ಕೇಳಿಸದವನ ಹಾಗೆ ಇದ್ದುಬಿಡುತ್ತಿದ್ದೆ.

ಅಂಥ ಸ್ವೆಟರನ್ನು ಮೀನು ಹಿಡಿಯುವ ಜಾಗಕ್ಕೆ ಹಾಕಿಕೊಂಡು ಹೋದೆ. ಅದೂ ಮೀನು ತಿನ್ನದ, ಅಂಗಡಿಯಲ್ಲಿ ಮೀನಿನ ವಾಸನೆ ಬಂದರೆ ಸುತ್ತು ಹಾಕಿ ಹೋಗುವ ನಾನು. ಇದಕ್ಕೆಲ್ಲ ಕಾರಣ ನನ್ನ ಗೆಳೆಯ.

ಅವನು ಹುಬ್ಬಳ್ಳಿಯವನು. ಸೌತ್‌ಫೀಲ್ಡಿನ ಆಫೀಸೊಂದರಲ್ಲಿ ಅಕ್ಕಪಕ್ಕ ಕೂತು ಕೆಲಸ ಮಾಡಿದವರು ನಾವು. ಮರದ ಎಲೆ ಕೆಂಪಾಗುವ ಹೊತ್ತಿಗೆ ಮಿಶಿಗನ್ ಸರೋವರದ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ನದಿಗಳಿಗೆ ಏರಿ ಬರುತ್ತವೆ. ಆ ವಾರಗಳಲ್ಲಿ ಶನಿವಾರ ಅವನನ್ನು ಮನೆಯಲ್ಲಿ ಹಿಡಿದು ಕೂರಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಕಳೆದ ವಸಂತದಲ್ಲಿ ಅವನಿಗೆ ಸ್ಟ್ರೋಕ್ ಆಯಿತು. ಕಾಲು ಬೇಗ ಸರಿಹೋಯಿತು. ಮಾತಂತೂ ಒಂದು ಚೂರೂ ಕಮ್ಮಿಯಾಗಲಿಲ್ಲ. ಬಲಗೈ ಮಾತ್ರ ಬರಲಿಲ್ಲ. ಭುಜ ಏಳುತ್ತಿತ್ತು, ಮೊಣಕೈ ಮಡಚುತ್ತಿತ್ತು, ಬೆರಳುಗಳು ಮುಚ್ಚುತ್ತಿರಲಿಲ್ಲ. ಬಂದರೆ ಈ ವರ್ಷದೊಳಗೆ ಬರಬೇಕು ಎಂದು ಥೆರಪಿಯವರು ಹೇಳಿದ್ದರು.

ಅನ್ನ ಕಲಸಿ ಉಣ್ಣುವವನ ಬಲಗೈ ಹೋದರೆ ಏನಾಗುತ್ತದೆ ಎಂದು ನಾನು ನೋಡಿದ್ದು ಅವನ ಮನೆಯಲ್ಲೇ. ಎಡಗೈಯಲ್ಲಿ ಚಮಚ ಹಿಡಿದು ತಿನ್ನಲು ಅವನಿಗೆ ನಾಚಿಕೆ. ಹೆಂಡತಿ ಪಕ್ಕದಲ್ಲಿ ಕೂತು ತುತ್ತಿಡುವುದು ಅದಕ್ಕಿಂತ ನಾಚಿಕೆ. ಮೆಲ್ಲಗೆ ಎಲ್ಲರ ಮನೆಯ ಊಟವನ್ನೂ ಬಿಟ್ಟ. ನಮ್ಮ ಮನೆಯ ಗೌರಿ ಹಬ್ಬದ ಊಟಕ್ಕೆ ಒಮ್ಮೆಯೂ ತಪ್ಪಿಸದವನು ಈ ಸಲ ತಲೆನೋವು ಎಂದು ಮೆಸೇಜ್ ಹಾಕಿದ. ನನಗೆ ಬಹಳ ಬೇಜಾರಾಯಿತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಸೆಪ್ಟೆಂಬರಿನ ಕೊನೆಗೆ ಅವನೇ ಫೋನ್ ಮಾಡಿದ. "ಲೇ ದೋಸ್ತ, ಮೀನ ಹಿಡ್ಯಾಕ ಹೋಗೂಣು."

"ಯಾವ ಕೈಲಿ ಹಿಡೀತೀಯೋ?" ಎಂದುಬಿಟ್ಟೆ.

"ನಂದು ಎಡಗೈ, ನಿಂದು ಬಲಗೈ. ಇಬ್ಬರೂ ಸೇರಿದ್ರ ಒಬ್ಬ ಮನಷ್ಯಾ ಆಗ್ತೀವಿಲ್ಲೋ?"

ಒಪ್ಪಿಕೊಂಡೆ.

ಹೊರಡುವ ಮುಂಚಿನ ದಿನ ಅವನ ಗರಾಜಿಗೆ ಹೋದರೆ ಅವನು ಗಾಳಕ್ಕೆ ಸಿಕ್ಕಿಸಲು ಮೀನಿನ ಮೊಟ್ಟೆ ಹದ ಮಾಡುತ್ತಿದ್ದ. ಹಿಂದಿನ ವರ್ಷ ಫ್ರೀಜರಿನಲ್ಲಿಟ್ಟದ್ದು. ಕೆಡದಿರಲಿ ಎಂದು ಅದಕ್ಕೆ ಬೋರಾಕ್ಸ್ ಪುಡಿ ಹಾಕುತ್ತಾರೆ, ಮೀನಿನ ಕಣ್ಣಿಗೆ ಬೀಳಲಿ ಎಂದು ಕೆಂಪು ಬಣ್ಣ ಬೆರೆಸುತ್ತಾರೆ. ಬಣ್ಣ ಖಾಲಿಯಾಗಿತ್ತಂತೆ. ಇವನು ಅಡುಗೆಮನೆಯ ಅರಿಶಿನದ ಡಬ್ಬಿಯನ್ನೇ ಸುರಿದಿದ್ದ. ಬೋರಾಕ್ಸ್ ಎಂದರೆ ನಮ್ಮ ಬಿಳಿಗಾರ. ಅರಿಶಿನಕ್ಕೆ ಬಿಳಿಗಾರ ಸೇರಿದರೆ ಏನಾಗುತ್ತದೆ ಎಂದು ಮನೆಯಲ್ಲಿ ಕುಂಕುಮ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಪಾತ್ರೆಯೆಲ್ಲ ಕೆಂಪೋ ಕೆಂಪು.

"ಕುಂಕುಮ ಮಾಡ್ಬಿಟ್ಟಿದೀಯಲ್ಲೋ!" ಎಂದು ನಾನು ನಕ್ಕೆ.

ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ನಾನು ಅವರನ್ನು ಭಾಬಿ ಎನ್ನುತ್ತೇನೆ. "ನೋಡ್ರಿ ಭಾಯ್, ಥೆರಪಿಯವರು ಹಿಚುಕಾಕ ಕೊಟ್ಟ ರಬ್ಬರ್ ಉಂಡಿ ಮುಟ್ಟಂಗಿಲ್ಲ. ಇದನ್ನ ಮಾತ್ರ ಮುಂಜಾನಿಂದ ಅದ ಕೈಯಾಗ ಕಲಸಾಕತ್ಯಾರ," ಎಂದರು. ಹೌದು, ಬಲಗೈಯಲ್ಲೇ ಕಲಸುತ್ತಿದ್ದ. ಜೋರು ಮಾಡಿದರೆ ಮೊಟ್ಟೆ ಒಡೆಯುತ್ತದೆ, ಸುಮ್ಮನೆ ಸವರಿದರೆ ಬೆರೆಯುವುದಿಲ್ಲ. ಬೆರಳುಗಳು ಮಡಚುತ್ತಿರಲಿಲ್ಲ, ಆದರೂ ಪಾತ್ರೆಯೊಳಗೆ ಅತ್ತಿತ್ತ ಆಡುತ್ತಿದ್ದವು.

ಶನಿವಾರ ಬೆಳಿಗ್ಗೆ ನಾನೇ ಡ್ರೈವ್ ಮಾಡಿದೆ. ಮ್ಯಾನಿಸ್ಟಿ ನದಿ ಮುಟ್ಟುವ ಹೊತ್ತಿಗೂ ಚಳಿ ಬಿಟ್ಟಿರಲಿಲ್ಲ. ದಡದುದ್ದಕ್ಕೂ ಜನ. ಅವನು ಗಾಳದ ರಾಡನ್ನು ಎಡಗೈಯಲ್ಲಿ ಹಿಡಿದು ಬುಡವನ್ನು ಕಂಕುಳಿಗೆ ಒತ್ತಿಕೊಂಡ. ಬಲಗೈಯನ್ನು ಡಬ್ಬಿಗೆ ಅದ್ದಿ, ಬೆರಳಿಗೆ ಅಂಟಿದಷ್ಟನ್ನು ನನ್ನ ಮುಂದೆ ಚಾಚುತ್ತಿದ್ದ. ನಾನು ಗ್ಲವ್ಸ್ ಹಾಕಿಕೊಂಡು, ಮುಖ ಅತ್ತ ತಿರುಗಿಸಿ ಅದನ್ನು ಗಾಳಕ್ಕೆ ಸಿಕ್ಕಿಸುತ್ತಿದ್ದೆ. ಮೀನು ಕಚ್ಚಿದರೆ ರೀಲ್ ಸುತ್ತುವುದೂ ನನ್ನ ಕೆಲಸ. ಮಧ್ಯಾಹ್ನ ನಾನು ಚಿತ್ರಾನ್ನದ ಡಬ್ಬಿ ಬಿಚ್ಚಿದೆ. ಅವನು ಸುತ್ತಲಿನ ಜನರನ್ನು ನೋಡಿ, ಹಸಿವಿಲ್ಲ ಎಂದು ಬಾಳೆಹಣ್ಣು ತಿಂದ. ಅವತ್ತು ಒಂದು ಮೀನೂ ಕಚ್ಚಲಿಲ್ಲ. ಮೋಟೆಲಿನಲ್ಲಿ ಅವನ ಗೊರಕೆಗೆ ನನಗೆ ನಿದ್ದೆ ಹತ್ತಲಿಲ್ಲ.

ಭಾನುವಾರ ಬಿಸಿಲು ಬಂತು. ಐವತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿ ಚಳಿ ಕೊಂಚ ಕಮ್ಮಿಯಾದ ಮೇಲೆ ಜಾಕೆಟ್ ಬಿಚ್ಚಿಟ್ಟು ಸ್ವೆಟರಿನಲ್ಲಿ ನಿಂತೆ. ಅವನು ಆಗಷ್ಟೇ ಡಬ್ಬಿಯಿಂದ ಕೈ ತೆಗೆದಿದ್ದ. ರಾಡ್ ಬಿಲ್ಲಿನ ಹಾಗೆ ಬಗ್ಗಿತು.

"ಸುತ್ತಲೇ! ಸುತ್ತು!" ಎಂದು ಕೂಗಿದ. ನಾನು ಅವನ ಮುಂದೆ ಬಗ್ಗಿ ರೀಲ್ ಸುತ್ತತೊಡಗಿದೆ. ಅಷ್ಟು ದೊಡ್ಡ ಜೀವವೊಂದು ದಾರದ ಆ ತುದಿಯಲ್ಲಿ ಎಳೆಯುವುದು ನನ್ನ ಕೈಗೆ ತಿಳಿಯುತ್ತಿತ್ತು. ನಿಜ ಹೇಳುತ್ತೇನೆ, ಮೀನು ಮುಟ್ಟದ ನನಗೂ ಅದನ್ನು ಬಿಡಲು ಮನಸ್ಸಿರಲಿಲ್ಲ. ನೀರೊಳಗೆ ಹೊಳೆಯುವ ಬೆನ್ನು ಕಂಡಿತು. ನೋಡುವ ಆತುರದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟೆ, ಪಾಚಿಗಲ್ಲಿನ ಮೇಲೆ ಕಾಲು ಜಾರಿತು. ಮುಗ್ಗರಿಸಿ ನದಿಗೆ ಬೀಳಬೇಕಿದ್ದವನು ಬೀಳಲಿಲ್ಲ. ಹಿಂದಿನಿಂದ ಸ್ವೆಟರನ್ನು ಯಾರೋ ಜಗ್ಗಿದಂತಾಗಿ ಅಲ್ಲೇ ಮೊಣಕಾಲೂರಿದೆ. ಅದೇ ಹೊತ್ತಿಗೆ ದಾರ ತುಂಡಾಯಿತು. ಮೀನು ಹೋಯಿತು.

ಅವನು ನೀರನ್ನೇ ನೋಡುತ್ತಾ ಹಣೆ ಹಣೆ ಬಡಿದುಕೊಳ್ಳುತ್ತಿದ್ದ. ನಾನು ಸ್ವೆಟರ್ ಬಿಚ್ಚಿ ನೋಡಿದೆ. ಬೆನ್ನಿನ ನಟ್ಟನಡುವೆ ಕೆಂಪು ಮೆತ್ತಿತ್ತು. "ಏನಯ್ಯಾ ಇದು? ಹಿಡಿಯೋಕೆ ಬೇರೆ ಜಾಗ ಸಿಗಲಿಲ್ವಾ?" ಎಂದು ರೇಗಿದೆ. "ಮೀನ ಹೋತಲ್ಲೋ, ನಿನಗ ಸ್ವೆಟರ್ ಚಿಂತಿ!" ಎಂದು ಅವನೂ ರೇಗಿದ. ದಾರಿಯಲ್ಲಿ ಪೆಟ್ರೋಲ್ ಬಂಕಿನ ಬಾತ್‌ರೂಮಿನಲ್ಲಿ ಸೋಪು ಹಚ್ಚಿ ಉಜ್ಜಿದೆ. ಅರಿಶಿನದ ಕಲೆಗೆ ಸೋಪು ಹಚ್ಚಬಾರದು ಎಂಬುದು ಸಿಟ್ಟಿನಲ್ಲಿ ಮರೆತಿತ್ತು. ಕಲೆ ಇನ್ನೂ ಕೆಂಪಾಯಿತು. ಮನೆ ಮುಟ್ಟುವವರೆಗೆ ಇಬ್ಬರೂ ಮುಖ ಊದಿಸಿಕೊಂಡು ಕೂತಿದ್ದೆವು. ಇಬ್ಬರು ಮುದುಕರು, ಒಬ್ಬನಿಗೆ ಮೀನಿನ ದುಃಖ, ಒಬ್ಬನಿಗೆ ಬಟ್ಟೆಯ ದುಃಖ.

ಅವನ ಮನೆಯೊಳಗೆ ಹೋದವನೇ ನಾನು ದೂರು ಕೊಡುವವನ ಹಾಗೆ ಸ್ವೆಟರನ್ನು ಊಟದ ಮೇಜಿನ ಮೇಲೆ ಹರವಿದೆ. "ನೋಡಿ ಭಾಬಿ, ನಿಮ್ಮ ಯಜಮಾನರ ಕೆಲಸ."

ಭಾಬಿ ನೋಡಿದರು. ಅಯ್ಯೋ ಎನ್ನಲಿಲ್ಲ. ಇನ್ನಷ್ಟು ಬಗ್ಗಿ ನೋಡಿದರು. ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ, ನಡುವೆ ಉಣ್ಣೆ ಮುದುರಿದ ಗುರುತು. ಆ ಗುರುತಿನ ಮೇಲೆ ತಮ್ಮ ಎಡಗೈ ಇಟ್ಟರು. ಹೊಂದಲಿಲ್ಲ. ಬಲಗೈ ಇಟ್ಟರು, ಹೊಂದಿತು.

"ಇದ್ಯಾವ ಕೈ ರೀ?" ಎಂದು ಗಂಡನನ್ನು ಕೇಳಿದರು.

"ಎಡಗೈಯಾಗ ರಾಡ್ ಇತ್ತು," ಎಂದ ಅವನು. ತನ್ನ ಬಲಗೈಯನ್ನು ಮುಖದ ಮುಂದೆ ತಂದು ನೋಡಿಕೊಂಡ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದುಕೊಂಡು ಬಂದೆನಲ್ಲ, ನನ್ನನ್ನು ಬೀಳದಂತೆ ಹಿಡಿದದ್ದು ಯಾವ ಕೈ ಎಂದು ಇಬ್ಬರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ.

ಭಾಬಿ ಸ್ವೆಟರನ್ನು ಮಡಚಿ ಪಕ್ಕಕ್ಕಿಟ್ಟು, ಮೂರು ತಟ್ಟೆಗೆ ಅನ್ನ, ಬೇಳೆಸಾರು ಬಡಿಸಿದರು. ದಿನಾ ಕೂರುವ ಹಾಗೆ ಅವನ ಪಕ್ಕದಲ್ಲಿ ಕೂರದೆ, ಎದುರಿನ ಕುರ್ಚಿ ಎಳೆದುಕೊಂಡು ಕೂತರು. ಅವನು ನನ್ನ ಮುಖ ನೋಡಿದ. ನಾನು ಊಟದಲ್ಲಿ ಮುಳುಗಿದವನಂತೆ ತಲೆ ತಗ್ಗಿಸಿದೆ. ಅವನು ಬಲಗೈ ತಟ್ಟೆಗಿಟ್ಟ. ಎಷ್ಟೋ ಹೊತ್ತು ಕಲಸಿದ. ಮೊದಲ ತುತ್ತು ಎತ್ತುವಾಗ ಅರ್ಧ ಅಂಗಿಯ ಮೇಲೆ ಬಿತ್ತು, ಇನ್ನರ್ಧ ಬಾಯಿಗೆ ಹೋಯಿತು.

"ಉಪ್ಪ ಕಮ್ಮಿ ಆಗೇತಿ," ಎಂದ.

ಭಾಬಿ ಸೆರಗಿನಿಂದ ಕಣ್ಣೊರೆಸಿಕೊಂಡು, ಉಪ್ಪಿನ ಡಬ್ಬಿಯನ್ನು ಅವನ ಬಲಗಡೆಗೆ ಸರಿಸಿದರು.